ಮನೆ ಯಾರಿಗಾಗಿ? ಸಾಲ ತೆಗೆಯುವ ಮೊದಲು ಕೆಲವು ಮಾತು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ನಮ್ಮ ಸಂಘಗಳಲ್ಲಿ ಸಾಲದ ಅರ್ಜಿ ಬರೆಯುವಾಗ ‘ಉದ್ದೇಶ’ ಅಂತ ಒಂದು ಕಾಲಂ ಉಂಟು. ಮೊದಲೆಲ್ಲ ಅದರಲ್ಲಿ ದನ, ಹೊಲಿಗೆ ಮೆಷಿನ್, ಮಗಳ ಫೀಸು, ಆಸ್ಪತ್ರೆ ಖರ್ಚು ಅಂತ ಇರುತ್ತಿತ್ತು. ಈಗೀಗ ನಾವು ಹೆಚ್ಚಾಗಿ ಓದುವುದು ‘ಮನೆ ರಿಪೇರಿ’, ‘ಮನೆ ಕಟ್ಟಲು’, ‘ಜಾಗ ಖರೀದಿ’. ಇದು ಸಂತೋಷದ ವಿಷಯ. ವಾರಕ್ಕೆ ಹತ್ತು ರೂಪಾಯಿ ಉಳಿತಾಯದಿಂದ ಸುರು ಮಾಡಿದ ಹೆಂಗಸರು ಇವತ್ತು ಮನೆ ಕಟ್ಟುವ ಧೈರ್ಯ ಮಾಡುತ್ತಾರೆ ಅಂದರೆ ಅದು ಸಣ್ಣ ಮಾತಲ್ಲ. ಆದರೆ ಸಾಲ ಮಂಜೂರಾದ ಮೇಲೆ ಮನೆಯ ಪ್ಲಾನು ಯಾರು ಮಾಡುತ್ತಾರೆ? ಮೇಸ್ತ್ರಿ ಮಾಡುತ್ತಾನೆ. ಇಲ್ಲದಿದ್ದರೆ ಗಂಡಸರು ಜಗಲಿಯಲ್ಲಿ ಕೂತು ಮಾತಾಡಿ ಮುಗಿಸುತ್ತಾರೆ. ಕಂತು ಕಟ್ಟುವವಳನ್ನು ಅಡುಗೆ ಕೋಣೆಯ ಕಿಟಕಿ ಎಲ್ಲಿ ಬೇಕು ಅಂತ ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಅತಿ ಹೆಚ್ಚು ಹೊತ್ತು ಇರುವವರು ಯಾರು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಗಂಡಸರು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಶಾಲೆಗೆ. ಉಳಿಯುವುದು ನಾವು, ಪ್ರಾಯದವರು, ಸಣ್ಣ ಮಕ್ಕಳು. ಬೀಡಿ ಕಟ್ಟುವವರಿಗೆ, ಹೊಲಿಗೆ ಮಾಡುವವರಿಗೆ, ಹಪ್ಪಳ ಉಪ್ಪಿನಕಾಯಿ ಮಾಡುವವರಿಗೆ ಮನೆಯೇ ಫ್ಯಾಕ್ಟರಿ. ಫ್ಯಾಕ್ಟರಿಯಾದರೆ ಗಾಳಿ ಬೆಳಕು ಉಂಟಾ ಅಂತ ನೋಡ್ಲಿಕ್ಕೆ ಇನ್‌ಸ್ಪೆಕ್ಟರ್ ಬರಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಮನೆಗೆ ಇನ್‌ಸ್ಪೆಕ್ಟರ್ ಯಾರು? ನಾವೇ ಆಗಬೇಕು. ಆದ್ದರಿಂದ ಇವತ್ತು ನಾವು ಹೇಳುವುದು ಒಂದೇ ವಿಷಯ: ಸಾಲದ ಹಣ ಮೊದಲು ಉಸಿರಾಟಕ್ಕೆ, ನೀರಿಗೆ, ಒಣ ನೆಲಕ್ಕೆ ಹೋಗಲಿ. ನೋಡುವವರ ಕಣ್ಣಿಗೆ ಆಮೇಲೆ.

ನಮ್ಮ ಸಂಘದ ಒಬ್ಬ ಸದಸ್ಯೆಯ ಮನೆಗೆ ನಾವು ಹೋಗಿದ್ದೆವು. ಹಳೆಯ ಹಂಚಿನ ಮನೆ ಕೆಡವಿ ತಾರಸಿ ಹಾಕಿದ್ದಾರೆ. ಎದುರಿಗೆ ಚಂದದ ಸಿಟೌಟ್, ನೆಲಕ್ಕೆ ಹೊಳೆಯುವ ಟೈಲ್ಸ್, ಕಂಬಕ್ಕೆ ಡಿಸೈನು. ಅಡುಗೆ ಕೋಣೆಗೆ ಒಂದೇ ಕಿಟಕಿ, ಅದು ಪಕ್ಕದ ಕಾಂಪೌಂಡಿಗೆ ಮುಖ ಮಾಡಿದೆ. ಹಗಲಲ್ಲೂ ಲೈಟು ಹಾಕಬೇಕು. ಮಾರ್ಚ್ ಬಂದರೆ ರಾತ್ರಿ ಹನ್ನೊಂದಾದರೂ ಒಳಗೆ ಮಲಗಲು ಆಗುವುದಿಲ್ಲ, ಫ್ಯಾನು ಬಿಸಿ ಗಾಳಿಯನ್ನೇ ಬೀಸುತ್ತದೆ. ಆ ಅಕ್ಕ ಈಗ ಬೀಡಿ ಕಟ್ಟುವುದು ಹೊರಗೆ ಹಲಸಿನ ಮರದ ಅಡಿಯಲ್ಲಿ. ಸಾಲ ಮುಗಿಯಲಿಕ್ಕೆ ಇನ್ನೂ ಮೂರು ವರ್ಷ ಉಂಟು. ಅವರು ನಗಾಡಿಕೊಂಡೇ ಹೇಳಿದರು, “ಮನೆ ಒಕ್ಕಲಿಗೆ ಬಂದವರೆಲ್ಲ ಹೊಗಳಿ ಹೋದರು, ಬಾಯಿ. ಅವರು ಊಟ ಮಾಡಿ ಹೋದರು, ನಾವು ಉಳಿದೆವು.”

ತಾರಸಿ ಯಾಕೆ ಹೀಗೆ ಮಾಡುತ್ತದೆ? ಕಾಂಕ್ರೀಟು ಹಗಲಿಡೀ ಬಿಸಿಲನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಸಂಜೆಯಾದ ಮೇಲೆ ನಿಧಾನವಾಗಿ ಕೆಳಗೆ ಬಿಡುತ್ತದೆ. ಕಾವಲಿ ಒಲೆಯಿಂದ ಇಳಿಸಿದ ಮೇಲೂ ಬಿಸಿ ಇರುತ್ತದಲ್ಲ, ಹಾಗೆ. ಹಂಚು ತೆಳು, ಬೇಗ ಬಿಸಿಯಾದರೂ ಬೇಗ ತಣಿಯುತ್ತದೆ. ಬಿಸಿ ಗಾಳಿ ಮೇಲಕ್ಕೆ ಏರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಸೆಕೆಗಿಂತ ಬೆವರಿನ ಕಾಟ ದೊಡ್ಡದು. ಗಾಳಿ ಆಡದಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಿರಿಯರು ಮಾಡು ಎತ್ತರ ಮಾಡಿ, ಎದುರು ಬದುರು ಕಿಟಕಿ ಇಟ್ಟು, ಸುತ್ತ ಜಗಲಿ ಬಿಟ್ಟು, ಮಾಡಿನ ಅಂಚನ್ನು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಇಳಿಸಿದ್ದು ಸುಮ್ಮನೆ ಅಲ್ಲ. ಗಾಳಿ ಒಳಗೆ ಬರಬೇಕು, ಆಟಿಯ ಮಳೆ ಗೋಡೆಗೆ ಹೊಡೆಯಬಾರದು.

ಈ ಹಂಚಿನ ಕಥೆಯೂ ನಮ್ಮದೇ ಊರಿನದ್ದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ಹತ್ತಿರ ಮೊದಲ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಯ ಜೇಡಿಮಣ್ಣು, ಗಟ್ಟದ ಸೌದೆ, ಸಾಗಿಸಲು ಬಂದರು, ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಮಂಗಳೂರು ಹಂಚು ಹಡಗು ಹತ್ತಿ ದೂರದ ದೇಶಗಳಿಗೂ ಹೋಯಿತು. ಈಗ ತಮಾಷೆ ನೋಡಿ. ನಾವು ಹಂಚು ತೆಗೆದು ತಾರಸಿ ಹಾಕುತ್ತೇವೆ. ಬೆಂಗಳೂರಿನವರು ರಜೆ ಹಾಕಿ, ದುಡ್ಡು ಕೊಟ್ಟು, ಹಂಚಿನ ಮಾಡಿನ ಅಡಿಯಲ್ಲಿ ಎರಡು ರಾತ್ರಿ ಮಲಗಲು ನಮ್ಮ ಕಡೆಯ ಹೋಂಸ್ಟೇಗೆ ಬರುತ್ತಾರೆ! ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಪುನಃ ಜೋಡಿಸಿ ಹಸ್ತಶಿಲ್ಪ ಎಂಬ ಒಂದು ಹಳ್ಳಿಯನ್ನೇ ಮಾಡಿಟ್ಟಿದ್ದಾರೆ. ಜನ ಟಿಕೇಟು ತೆಗೆದು ನೋಡುವ ಮರದ ಕಂಬ, ಮಣ್ಣಿನ ಗೋಡೆ ನಮ್ಮ ಅಜ್ಜಿಯರ ಕಾಲದಲ್ಲಿ ದಿನಬಳಕೆಯದ್ದು.

ಹಾಗಂತ ಎಲ್ಲರೂ ಹಳೆ ಮನೆಯಲ್ಲೇ ಇರಿ ಅಂತ ನಾವು ಹೇಳುವುದಿಲ್ಲ. ಪಕ್ಕಾಸಿಗೆ ಮರ ಸಿಗುವುದಿಲ್ಲ, ಗೆದ್ದಲು ಹಿಡಿಯುತ್ತದೆ, ಮಂಗಗಳು ಹಂಚು ಒಡೆಯುತ್ತವೆ, ವರ್ಷಕ್ಕೊಮ್ಮೆ ಹಂಚು ಕೈಯಾಡಿಸಲು ಜನ ಇಲ್ಲ. ಇದೆಲ್ಲ ನಿಜ. ಆದರೆ ಮರದ ಬದಲು ಕಬ್ಬಿಣದ ಪೈಪು ಹಾಕಿ ಅದರ ಮೇಲೆ ಹಂಚು ಹೊದೆಸಬಹುದು. ಕೆಡವಿದ ಮನೆಗಳ ಹಳೆ ಹಂಚು ಕಡಿಮೆ ಕ್ರಯಕ್ಕೆ ಸಿಗುತ್ತದೆ. ಕತ್ತಲೆ ಕೋಣೆಗೆ ಎರಡು ಗಾಜಿನ ಹಂಚು ಇಟ್ಟರೆ ಹಗಲು ಲೈಟು ಬೇಡ. ತಾರಸಿಯೇ ಬೇಕು ಅನ್ನುವವರಿಗೂ ದಾರಿ ಉಂಟು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಕೇರಳದಲ್ಲೇ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಬಡವರಿಗೆ ಕಡಿಮೆ ಖರ್ಚಿನ ಮನೆ ಕಟ್ಟುವುದನ್ನೇ ಜೀವನದ ಕೆಲಸ ಮಾಡಿಕೊಂಡರು. ಸ್ಲ್ಯಾಬಿನ ಅಡಿಭಾಗದಲ್ಲಿ ಕಂಬಿಗಳ ನಡುವೆ ಇರುವ ಕಾಂಕ್ರೀಟು ಹೆಚ್ಚೇನೂ ಭಾರ ಹೊರುವುದಿಲ್ಲ. ಆ ಜಾಗಕ್ಕೆ ಅವರು ಹಳೆಯ ಮಂಗಳೂರು ಹಂಚನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದರು. ಕಾಂಕ್ರೀಟು ಉಳಿಯುತ್ತದೆ, ಸ್ಲ್ಯಾಬು ಹಗುರವಾಗುತ್ತದೆ, ಎರಡು ಹಂಚಿನ ನಡುವಿನ ಗಾಳಿ ಸೆಕೆಯನ್ನು ಸ್ವಲ್ಪ ತಡೆಯುತ್ತದೆ, ಕೆಳಗಿಂದ ನೋಡಲೂ ಚಂದ. ಒಂದು ಮಾತು, ಇದನ್ನು ಮಾಡಿ ಗೊತ್ತಿರುವ ಇಂಜಿನಿಯರರನ್ನು ನಿಲ್ಲಿಸಿಯೇ ಮಾಡಿಸಬೇಕು.

ಗೋಡೆಯ ವಿಷಯದಲ್ಲಿ ನಮಗೆ ಮುರಕಲ್ಲು ಉಂಟು, ಅದು ದೊಡ್ಡ ಭಾಗ್ಯ. ಒಳ್ಳೆಯ ಗಟ್ಟಿ ಕಲ್ಲಾದರೆ, ಮಾಡಿನ ಅಂಚು ಹೊರಗೆ ಬಂದಿದ್ದರೆ, ಹೊರಗಿನಿಂದ ಸಾರಣೆ ಬೇಕಾಗಿಲ್ಲ, ಸಂದಿಗೆ ಪಾಯಿಂಟಿಂಗ್ ಸಾಕು. ಕಲ್ಲು ಸಿಗದ ಬಯಲುಸೀಮೆಯ ಕಡೆಯ ಸಹೋದರಿಯರಿಗೆ ಮಣ್ಣಿನ ಬ್ಲಾಕ್ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕಲೆಂದೇ ‘ಅಸ್ತ್ರ’ ಎಂಬ ವಿಭಾಗ ಸುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಕೈಯಿಂದ ಒತ್ತುವ ಮೆಷಿನಿನಲ್ಲಿ ಬ್ಲಾಕ್ ಮಾಡುವ ವಿಧಾನವನ್ನು ಅಲ್ಲಿಯವರು ಬೆಳೆಸಿದರು. ಸುಡಲಿಕ್ಕಿಲ್ಲ, ಸೌದೆ ಬೇಡ, ಇಪ್ಪತ್ತೊಂದು ದಿನ ನೀರು ಹಾಕಿ ನೆರಳಲ್ಲಿ ಇಟ್ಟರಾಯಿತು.

ಅದೇ ಅಸ್ತ್ರದವರು ಹೊಗೆಯಿಲ್ಲದ ಒಲೆಯನ್ನೂ ಮಾಡಿದರು. ಹೊಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಹೆಂಗಸರು, ಮಕ್ಕಳು ಒಲೆಯ ಹತ್ತಿರ ಇರುವವರು, ಆದ್ದರಿಂದ ಪೆಟ್ಟು ಅವರಿಗೇ ಹೆಚ್ಚು. ನೀವು ಹೇಳಬಹುದು, ನಮಗೆ ಗ್ಯಾಸ್ ಉಂಟಲ್ಲ ಅಂತ. ಉಂಟು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಇಲ್ಲದವರಿಗೂ ಬಂತು. ಆದರೆ ಕುಚ್ಚಲಕ್ಕಿ ಬೇಯಿಸಲು ಯಾವ ಒಲೆ? ಸ್ನಾನದ ಹಂಡೆಗೆ ಯಾವ ಒಲೆ? ದನಕ್ಕೆ ಅಕ್ಕಚ್ಚು ಕಾಯಿಸಲು? ಕುಚ್ಚಲಕ್ಕಿ ಗ್ಯಾಸಿನಲ್ಲಿ ಬೇಯಿಸಿದರೆ ಸಿಲಿಂಡರು ಎಷ್ಟು ದಿನ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಆದ್ದರಿಂದ ಸೌದೆ ಒಲೆ ಇದ್ದೇ ಇರುತ್ತದೆ ಅಂತ ಒಪ್ಪಿಕೊಂಡೇ ಪ್ಲಾನು ಮಾಡಿ. ಒಲೆಗೆ ಚಿಮಿಣಿ ಪೈಪು ಇರಲಿ, ಅದು ಮಾಡಿನ ಮೇಲೆ ಹೋಗಲಿ. ಒಲೆಯ ಮೇಲೆಯೇ, ಮಾಡಿನ ಹತ್ತಿರ, ಗಾಳಿ ಕಿಂಡಿ ಇರಲಿ. ಬಚ್ಚಲ ಒಲೆಯ ಬಾಯಿ ಹೊರಗಡೆಗೆ ಇರಲಿ. ಬೀಡಿ ಕಟ್ಟುವವರು ಎಲೆ, ಹೊಗೆಸೊಪ್ಪಿನ ಪುಡಿಯನ್ನು ಮಕ್ಕಳು ಮಲಗುವ ಕೋಣೆಯಲ್ಲಿ, ಅಡುಗೆ ಕೋಣೆಯಲ್ಲಿ ಇಡುವುದು ಬೇಡ. ಜಗಲಿಯ ಒಂದು ಮೂಲೆಗೆ ಬಾಗಿಲಿರುವ ಕಪಾಟು ಮಾಡಿಸಿ. ಸಿಟೌಟಿನ ಡಿಸೈನು ಕಂಬಕ್ಕೆ ಹೋಗುವ ಹಣದಲ್ಲಿ ಇದೆಲ್ಲ ಆಗುತ್ತದೆ.

ಸಿಮೆಂಟು ಶೀಟಿನ ಬಗ್ಗೆ ಎಚ್ಚರ. ಹಳೆಯ ಸಿಮೆಂಟು ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ನೂಲಿನಂಥ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಹುದು. ಶೀಟು ಸರಿಯಾಗಿದ್ದು ಮೇಲೆ ಇದ್ದಷ್ಟು ದಿನ ಅಪಾಯ ಕಡಿಮೆ, ಅದನ್ನು ಒಡೆಯುವಾಗ, ತೂತು ಕೊರೆಯುವಾಗ, ಒಣಗಿದ್ದಾಗ ಬ್ರಶ್ಶಿನಿಂದ ತಿಕ್ಕುವಾಗ ಹೆಚ್ಚು. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಒಡೆಯದೆ ಇಳಿಸಿ, ಮಕ್ಕಳನ್ನು ದೂರ ಇಡಿ. ತುಂಡನ್ನು ಕೋಳಿಗೂಡಿಗೆ, ಬಾವಿಕಟ್ಟೆಗೆ ಬಳಸಬೇಡಿ. ಪೈಂಟು ಕೂಡ ಹಾಗೆಯೇ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂಗಿಂತ ಹೆಚ್ಚು ಇರಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಡಬ್ಬದ ಮೇಲೆ ನೋಡಿ ತೆಗೆದುಕೊಳ್ಳಿ. ಅದಕ್ಕಿಂತ ಹಳೆಯ ಬಾಗಿಲು ಕಿಟಕಿಯ ಬಣ್ಣ ಉಜ್ಜುವಾಗ ಬಸುರಿಯರು, ಸಣ್ಣ ಮಕ್ಕಳು ಹತ್ತಿರ ಇರಬಾರದು.

ಇನ್ನು ಜಾಗ. ಇಲ್ಲಿ ನಮ್ಮವರು ಹಣ ಕಳೆದುಕೊಂಡದ್ದು ಹೆಚ್ಚು, ಕಣ್ಣೀರು ಹಾಕಿದ್ದೂ ಹೆಚ್ಚು.

ಜಾಗ ನೋಡಲು ಎಲ್ಲರೂ ಹೋಗುವುದು ಜನವರಿಯಲ್ಲಿ, ಬಿಸಿಲಲ್ಲಿ. ನಾವು ಹೇಳುವುದು, ಆಟಿಯಲ್ಲಿ ಹೋಗಿ. ಜೋರು ಮಳೆ ಬಂದ ಮರುದಿನ ಹೋಗಿ ನೋಡಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ. ಈಗ ಬೇಕಾದಷ್ಟು ಗದ್ದೆಗಳಿಗೆ ಮಣ್ಣು ತುಂಬಿಸಿ ಐದೈದು ಸೆಂಟ್ಸ್ ಸೈಟು ಮಾಡಿ ಮಾರುತ್ತಾರೆ. ಗದ್ದೆ ಅಂದರೆ ನೀರಿನ ಜಾಗ. ನಾವು ಮಣ್ಣು ಹಾಕಿದೆವು ಅಂತ ನೀರು ದಾರಿ ಮರೆಯುವುದಿಲ್ಲ. ತುಂಬಿಸಿದ ಮಣ್ಣು ಕೂರುವ ಮೊದಲೇ ಪಂಚಾಂಗ ಹಾಕಿದರೆ ಗೋಡೆ ಬಿರಿಯುತ್ತದೆ. ನೆಲದಿಂದ ತೇವ ಏರುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳಿಗೆ ದಮ್ಮು, ಕೆಮ್ಮು ಬಿಡುವುದಿಲ್ಲ. ಅಂಥ ಜಾಗವೇ ಗತಿ ಅಂತಾದರೆ ಒಂದೆರಡು ಮಳೆಗಾಲ ಬಿಟ್ಟು ಕಟ್ಟಿ, ಪಂಚಾಂಗ ಎತ್ತರ ಮಾಡಿ, ಅದರ ಮೇಲೆ ತೇವ ತಡೆಯುವ ಕಾಂಕ್ರೀಟು ಪಟ್ಟಿ ಹಾಕಿಸಿ.

ಎರಡನೆಯದು ಕಾಗದ. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಪಂಚಾಯತಿನ 9/11. ಈ ‘ನೈನ್ ಇಲೆವೆನ್’ ಇಲ್ಲದೆ ಜಾಗಕ್ಕೆ ಮುಂಗಡ ಕೊಟ್ಟು, ಮುಂದೆ ಮನೆ ಕಟ್ಟಲು ಲೈಸೆನ್ಸು ಸಿಗದೆ, ಡೋರ್ ನಂಬ್ರ ಸಿಗದೆ, ಬ್ಯಾಂಕು ಸಾಲ ಕೊಡದೆ ಒದ್ದಾಡುವ ಸದಸ್ಯೆಯರು ಒಂದಿಬ್ಬರಲ್ಲ. ಮಾರುವವನು “ಎಲ್ಲ ಮಾಡಿ ಕೊಡುವಾ ಅಕ್ಕ, ನೀವು ಹೆದರಬೇಡಿ” ಅನ್ನುತ್ತಾನೆ. ಹೆದರಬೇಡಿ, ಆದರೆ ಕಾಗದ ಕೈಗೆ ಬರುವವರೆಗೆ ಹಣ ಕೊಡಬೇಡಿ. 94ಸಿ ಅಡಿಯಲ್ಲಿ ಹಕ್ಕುಪತ್ರ ಸಿಕ್ಕಿದವರು ಅದರ ಹಿಂದೆ ಮುಂದೆ ಬರೆದ ಷರತ್ತು ಓದಿಸಿ ತಿಳಿದುಕೊಳ್ಳಿ. ಪೇಟೆಯಲ್ಲಿ ಫ್ಲ್ಯಾಟು ತೆಗೆದುಕೊಳ್ಳುವ ಮಕ್ಕಳಿದ್ದರೆ ರೇರಾ ನೋಂದಣಿ ಉಂಟಾ ಅಂತ ಕೇಳಲು ಹೇಳಿ. 2016ರ ಕಾಯ್ದೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಅದು ಇಲ್ಲದೆ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ.

ಮತ್ತೆ ಹೆಸರು. ಸಾಲ ನಿಮ್ಮ ಹೆಸರಲ್ಲಿ, ಕಂತು ನಿಮ್ಮ ಕೈಯಿಂದ, ಕ್ರಯಪತ್ರ ಮಾತ್ರ ಬೇರೆಯವರ ಹೆಸರಲ್ಲಿ. ಇದು ಯಾವ ನ್ಯಾಯ? ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸರಕಾರವೇ ಹೆಣ್ಣಿನ ಹೆಸರು ಬೇಕು, ಒಂಟಿಯಾಗಿ ಇಲ್ಲವೇ ಜಂಟಿಯಾಗಿ ಅನ್ನುತ್ತದೆ. ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲೂ ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಗಸರ ಹೆಸರಿಗೆ. ಸರಕಾರ ಕೇಳುವಷ್ಟನ್ನು ಸಂಘವೂ ಕೇಳಬಹುದಲ್ಲ? ಜಾಗ ಖರೀದಿಗೆ ಸಾಲ ಕೊಡುವಾಗ ಸದಸ್ಯೆಯ ಹೆಸರು ಕ್ರಯಪತ್ರದಲ್ಲಿ ಇರಬೇಕೆಂದು ನಿರ್ಣಯ ಬರೆದುಕೊಳ್ಳಿ. ಮನೆಯಲ್ಲಿ ಬಾಯಿಬಿಟ್ಟು ಕೇಳಲು ಆಗದವಳಿಗೆ “ಸಂಘದ ನಿಯಮ ಹಾಗೆ” ಅಂತ ಹೇಳಲು ಒಂದು ಆಧಾರ ಆಗುತ್ತದೆ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಂದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬಂತು ಅಂತ ಇಟ್ಟುಕೊಳ್ಳಿ, ಐದರಲ್ಲಿ ಒಂದು ಪಾಲು ಪೋಲಾದರೂ ಎರಡೂವರೆ ಲಕ್ಷ ಲೀಟರಿಗಿಂತ ಹೆಚ್ಚು. ಅಷ್ಟನ್ನು ತೋಡಿಗೆ ಬಿಟ್ಟು ಏಪ್ರಿಲಿನಲ್ಲಿ ಟ್ಯಾಂಕರಿಗೆ ಕಾಯುತ್ತೇವೆ. ಕೇರಳದ ತ್ರಿಶೂರು ಜಿಲ್ಲೆಯಲ್ಲಿ 2008ರಿಂದ ‘ಮಳಪ್ಪೊಲಿಮ’ ಅಂತ ಒಂದು ಕಾರ್ಯಕ್ರಮ ನಡೆಯಿತು. ಮಾಡಿನ ನೀರನ್ನು ದಂಬೆಯಲ್ಲಿ ಹಿಡಿದು, ಜಲ್ಲಿ, ಮರಳು, ಇದ್ದಿಲಿನ ಮೂಲಕ ಸೋಸಿ ಮನೆಯ ಬಾವಿಗೇ ಬಿಡುವುದು, ಅಷ್ಟೇ. ಮೊದಲ ಎರಡು ಮೂರು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಬೇಕು, ಮಾಡು ತೊಳೆದ ಕೊಳೆ ಅದರಲ್ಲಿ ಇರುತ್ತದೆ. ಪಾಯಿಖಾನೆಯ ಗುಂಡಿ ಬಾವಿಯಿಂದ ಕಡಿಮೆ ಅಂದರೆ 50 ಅಡಿ ದೂರ ಇರಲಿ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುತ್ತದೆ, ಇನ್ನೂ ದೂರ ಆದರೆ ಒಳ್ಳೆಯದು. ಪಕ್ಕದ ಮನೆಯವರ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದು ಸೆಂಟ್ಸಿನಲ್ಲಿ ನಮ್ಮ ಗುಂಡಿ ದೂರ ಇಟ್ಟರೂ ಅವರದ್ದು ನಮ್ಮ ಬಾವಿಯ ಬುಡದಲ್ಲೇ ಇರುತ್ತದೆ!

ನಮ್ಮಲ್ಲಿ ಹೋಂಸ್ಟೇ ಮಾಡುವ, ಲಾಡ್ಜುಗಳಲ್ಲಿ ರೂಮು ಕ್ಲೀನಿಂಗಿಗೆ ಹೋಗುವ ಸದಸ್ಯೆಯರೂ ಇದ್ದಾರೆ. ಕ್ಲೀನಿಂಗಿಗೆ ಹೋಗುವವರು ಇದೊಂದನ್ನು ಮರೆಯಬೇಡಿ: ಪಾಯಿಖಾನೆಗೆ ಹಾಕುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಹಾಕಬಾರದು. ಬೇಗ ಬೆಳ್ಳಗಾಗುತ್ತದೆ ಅಂತ ಕೆಲವರು ಹಾಕುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉಸಿರು ಕಟ್ಟಿಸಿ ಪ್ರಾಣಕ್ಕೂ ಅಪಾಯ ತರಬಹುದು. ಕೈಗೆ ಗ್ಲೌಸ್ ಕೇಳಿ ಪಡೆಯಿರಿ, ಅದು ಧಣಿಗಳ ದಾನ ಅಲ್ಲ. ಹೋಂಸ್ಟೇ ಮಾಡುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಬರುವವರು ಎಸಿ ಹುಡುಕಿ ಬರುವುದಿಲ್ಲ, ಅದು ಅವರ ಮನೆಯಲ್ಲೇ ಇರುತ್ತದೆ. ಎದುರು ಬದುರು ಕಿಟಕಿ, ಸೊಳ್ಳೆ ಪರದೆ, ಒಣಗಿದ ಬೆಡ್‌ಶೀಟು, ಸೋಲಾರಿನ ಬಿಸಿನೀರು, ನೀರ್‌ದೋಸೆ, ಕುಡಿಯಲು ಕುದಿಸಿ ಆರಿಸಿದ ಬಾವಿ ನೀರು ತಾಮ್ರದ ತಂಬಿಗೆಯಲ್ಲಿ. ಅತಿಥಿಗಳಿಗೆ ಮಾಡಿದ ಗಾಳಿ ಬೆಳಕಿನ ಕೋಣೆ ಒಳ್ಳೆಯದು, ಆದರೆ ಮನೆಯವಳು ಹೊಗೆ ತುಂಬಿದ ಹಿಂದಿನ ಕೋಣೆಯಲ್ಲಿ ಅವರಿಗೆ ದೋಸೆ ಹೊಯ್ಯುವುದನ್ನು ಕೂಡ ನಾವು ನೋಡಿದ್ದೇವೆ.

ಕೊನೆಗೆ ಸಭೆಯಲ್ಲಿ ಒಬ್ಬ ಸಹೋದರಿ ಕೇಳಿದರು, “ತಾರಸಿ ಆಗಿ ಹೋಗಿದೆ, ಇನ್ನು ಕೆಡವಲು ಆಗುವುದಿಲ್ಲ, ನಾವೇನು ಮಾಡುವುದು?” ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಅಹಮದಾಬಾದಿನ ಹೆಂಗಸರ ಹತ್ತಿರ ಉಂಟು. ಅಲ್ಲಿ 2010ರ ಮೇ ತಿಂಗಳ ಬಿಸಿಲಿನಲ್ಲಿ ಸಾಮಾನ್ಯಕ್ಕಿಂತ 1,300ಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ 2013ರಲ್ಲಿ ನಗರಪಾಲಿಕೆ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ನಮ್ಮಂಥ ಬಡ ಹೆಂಗಸರ ಸಂಘಟನೆಯಾದ ‘ಸೇವಾ’ 1994ರಲ್ಲಿ ಸುರು ಮಾಡಿದ ಮಹಿಳಾ ಹೌಸಿಂಗ್ ಟ್ರಸ್ಟಿನವರು ಕೊಳೆಗೇರಿಗಳ ಮನೆಯ ಮಾಡಿಗೆ ಬಿಳಿ ಬಣ್ಣ ಹಚ್ಚುವ ಕೆಲಸಕ್ಕೆ ಇಳಿದರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗೆ ಕೆಲವು ಡಿಗ್ರಿ ಕಡಿಮೆಯಾಗುತ್ತದೆ. ನಮ್ಮಲ್ಲಿ ಸುಣ್ಣ ಸಾಕು, ಸ್ವಲ್ಪ ಅಂಟು ಸೇರಿಸಿ ಎರಡು ಕೋಟು. ಮಳೆಗೆ ತೊಳೆದು ಹೋಗುತ್ತದೆ, ಆದ್ದರಿಂದ ವರ್ಷಾ ವರ್ಷಾ ಫೆಬ್ರವರಿಯಲ್ಲಿ ಹಚ್ಚಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಗೋಡೆಯ ಮೇಲ್ಭಾಗದಲ್ಲಿ, ಸ್ಲ್ಯಾಬಿನ ಅಡಿಗೇ, ಎದುರು ಬದುರಾಗಿ ಎರಡು ಕಿಂಡಿ ಕೊರೆಸಿ ಜಾಳಿಗೆ ಇಡಿಸಿ. ಪಡುವಣ ಗೋಡೆಗೆ ಬಿಸಿಲು ಬೀಳದ ಹಾಗೆ ಚಪ್ಪರ ಹಾಕಿ ಬಸಳೆ, ಹೀರೆ ಹಬ್ಬಿಸಿ. ಸುಣ್ಣಕ್ಕೂ ಕಿಂಡಿಗೂ ಆಗುವ ಖರ್ಚಿಗೆ ದೊಡ್ಡ ಸಾಲ ಬೇಡ, ಸಂಘದ ಆಂತರಿಕ ಸಾಲದಲ್ಲಿ ಮುಗಿಯುತ್ತದೆ. ಬರುವ ವಾರದ ಸಭೆಯಲ್ಲಿ ಯಾರ ಮನೆಗೆ ಮೊದಲು ಅಂತ ಪಟ್ಟಿ ಮಾಡಿ. ಐದಾರು ಮನೆಗೆ ಒಟ್ಟಿಗೆ ಸುಣ್ಣ ತಂದರೆ ಕ್ರಯ ಕಡಿಮೆ ಬೀಳುತ್ತದೆ, ಹಚ್ಚಲು ಕೈಯೂ ಸೇರುತ್ತದೆ.